ಅಳಿಯನ ಕೈಗೆ ಕಟ್ಟುವ ವಾಚು: ಹೊಳಪಿಗಿಂತ ಮೊದಲು ಬಿಲ್ಲು ನೋಡಿ

ನಮ್ಮ ಕಡೆ ಮದುವೆ ಮಾತುಕತೆ ಮುಗಿದ ಮೇಲೆ ಹೆಣ್ಣಿನ ಕಡೆಯವರು ಬರೆಯುವ ಪಟ್ಟಿಯಲ್ಲಿ ಬಟ್ಟೆ, ಉಂಗುರ, ವಾಚು ಈ ಮೂರು ಇದ್ದೇ ಇರುತ್ತವೆ. ಬಟ್ಟೆಯನ್ನು ಮುಟ್ಟಿ, ಎಳೆದು ನೋಡಿ ತರುತ್ತಾರೆ. ಉಂಗುರಕ್ಕೆ ಹಾಲ್‌ಮಾರ್ಕ್ ಇದೆಯಾ ಅಂತ ಈಗ ಹಳ್ಳಿಯ ಅಜ್ಜಿಯರೂ ಕೇಳುತ್ತಾರೆ. ವಾಚಿನ ವಿಷಯಕ್ಕೆ ಬಂದರೆ ಮಾತ್ರ ಎಲ್ಲರ ಜಾಣತನವೂ ಅಂಗಡಿ ಬಾಗಿಲಲ್ಲಿ ಚಪ್ಪಲಿ ಜೊತೆ ಉಳಿದುಬಿಡುತ್ತದೆ. ಡಬ್ಬಿ ಚೆನ್ನಾಗಿದೆ, ಹೆಸರು ದೊಡ್ಡದಿದೆ, ಚಿನ್ನದ ಬಣ್ಣ ಹೊಳೆಯುತ್ತಿದೆ, ಕಟ್ಟಿಕೊಡಿ ಅಂದುಬಿಡುತ್ತಾರೆ.

ಕಳೆದ ವರ್ಷ ನಮ್ಮ ತಾಲ್ಲೂಕಿನ ರೈತರೊಬ್ಬರು ಮಗಳ ಮದುವೆಗೆ ಪೇಟೆಯ ಗಿಫ್ಟ್ ಅಂಗಡಿಯೊಂದರಲ್ಲಿ ಟೈಟಾನ್ ಹೆಸರಿನ ಜೋಡಿ ವಾಚು ಕೊಂಡರು. ಡಬ್ಬಿ ಮೇಲೆ 11 ಸಾವಿರ ಚಿಲ್ಲರೆ ಬೆಲೆಯ ಚೀಟಿ ಅಂಟಿಸಿತ್ತು. ‘ಮದುವೆ ಮನೆ ಅಂತೀರಿ, ನಿಮಗೆ ಐದೂವರೆಗೆ ಕೊಡ್ತೀನಿ ಯಜಮಾನ್ರೇ’ ಅಂದನಂತೆ ಅಂಗಡಿಯವನು. ಆರು ತಿಂಗಳಿಗೆ ವಾಚು ನಿಂತಿತು. ಅಳಿಯ ಸೆಲ್ ಹಾಕಿಸಲು ತುಮಕೂರಿನ ಶೋರೂಮಿಗೆ ಹೋದರೆ, ಕೌಂಟರಿನಲ್ಲಿದ್ದ ಹುಡುಗಿ ಹಿಂದೆ ಮುಂದೆ ತಿರುಗಿಸಿ ನೋಡಿ ‘ಇದು ನಮ್ಮದಲ್ಲ ಸರ್’ ಅಂದಳು. ಅಳಿಯ ಮನೆಗೆ ಬಂದು ಏನೂ ಆಡಲಿಲ್ಲ. ಅವನ ತಾಯಿ ಆಡಿದರು. ‘ನಿಮ್ಮಪ್ಪ ಕೊಟ್ಟ ವಾಚಿನ ಹಾಗೇ’ ಅಂತ ಶುರುವಾಗುವ ಮಾತನ್ನು ಆ ಹೆಣ್ಣುಮಗಳು ಇವತ್ತಿಗೂ ಕೇಳುತ್ತಿದ್ದಾಳೆ. ಐದೂವರೆ ಸಾವಿರ ಹೋದದ್ದಕ್ಕಿಂತ ಆ ರೈತರಿಗೆ ನೋವಾಗಿರುವುದು ಇದಕ್ಕೆ. ಅವರು ಮೋಸ ಮಾಡಿದವರಲ್ಲ, ಮೋಸ ಹೋದವರು. ಬೀಗರ ಮನೆಯಲ್ಲಿ ಈ ವ್ಯತ್ಯಾಸವನ್ನು ಯಾರು ಕೂತು ವಿವರಿಸುತ್ತಾರೆ?

ಅದಕ್ಕೇ ನಾವು ಹೇಳುವುದು, ನಕಲಿ ವಾಚೆಲ್ಲ ಒಂದೇ ಅಲ್ಲ.

ಸಂತೆಯಲ್ಲಿ ಪ್ಲಾಸ್ಟಿಕ್ ಹಾಳೆ ಮೇಲೆ ‘ರೋಲೆಕ್ಸ್’ ಹರವಿಕೊಂಡು ‘ಯಾವ್ದ್ ತಗೊಂಡ್ರೂ ಇನ್ನೂರು’ ಅಂತ ಕೂಗುವವನಿಂದ ಯಾರೂ ಮೋಸ ಹೋಗುವುದಿಲ್ಲ. ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು. ಕಾನೂನಿನ ಲೆಕ್ಕದಲ್ಲಿ ಅದೂ ತಪ್ಪೇ, ಬೇರೆಯವರ ಹೆಸರು ಕದ್ದು ಮಾರುವುದು ಅಪರಾಧವೇ. ಆದರೆ ಅಲ್ಲಿ ಯಾವ ಮನೆಯ ಮರ್ಯಾದೆಯೂ ಹೋಗುವುದಿಲ್ಲ. ಎರಡನೆಯದು ‘ಫಸ್ಟ್ ಕಾಪಿ’. ಇದನ್ನು ಕಾಲೇಜು ಹುಡುಗರು ಇನ್‌ಸ್ಟಾಗ್ರಾಂ ನೋಡಿ, ನಕಲಿ ಅಂತ ಗೊತ್ತಿದ್ದೇ ಒಂದೂವರೆ ಎರಡು ಸಾವಿರ ಕೊಟ್ಟು ತರಿಸುತ್ತಾರೆ. ಫಸ್ಟ್ ಕಾಪಿ, ಮಾಸ್ಟರ್ ಕಾಪಿ, ಸೆವೆನ್ ಎ ಕ್ವಾಲಿಟಿ ಎಲ್ಲವೂ ಮಾರುವವರು ಇಟ್ಟುಕೊಂಡ ಹೆಸರುಗಳು. ಅಸಲಿ ಕಂಪನಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಕೆಟ್ಟರೆ ಕೇಳುವವರೂ ಇಲ್ಲ.

ಮನೆ ಹಾಳು ಮಾಡುವುದು ಮೂರನೆಯದು. ಗಾಜಿನ ಶೋಕೇಸು, ಡಬ್ಬಿ, ಕಾರ್ಡು, ಬೆಲೆಯ ಚೀಟಿ ಎಲ್ಲ ಇಟ್ಟು ಅಸಲಿ ಅಂತಲೇ ಅರ್ಧ ಬೆಲೆಗೆ ಮಾರುವುದು. ಇನ್ನೂರು ರೂಪಾಯಿಯ ರೋಲೆಕ್ಸನ್ನು ಎಲ್ಲರೂ ಅನುಮಾನಿಸುತ್ತಾರೆ. ಐದು ಸಾವಿರದ ಟೈಟಾನನ್ನು, ಮೂರು ಸಾವಿರದ ಫಾಸಿಲನ್ನು ಯಾರೂ ಅನುಮಾನಿಸುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ದುಡ್ಡು ಹೋಗುತ್ತಿರುವುದು ಇಲ್ಲಿ.

ವಾಚಿಗೆ ಲಕ್ಷಗಟ್ಟಲೆ ಬೆಲೆ ಇರುತ್ತದೆ ಅಂತ ನಮ್ಮ ಕಡೆಯ ಬಹಳ ಜನಕ್ಕೆ ಗೊತ್ತಾಗಿದ್ದು 2016ರಲ್ಲಿ, ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರ ಹ್ಯೂಬ್ಲೋ ವಾಚಿನ ಗದ್ದಲದಿಂದ. ಸ್ನೇಹಿತರು ಕೊಟ್ಟದ್ದು ಎಂದು ಹೇಳಿ, ಕೊನೆಗೆ ಅವರು ಅದನ್ನು ಸ್ಪೀಕರ್‌ಗೆ ಒಪ್ಪಿಸಿ ಸರ್ಕಾರದ ಆಸ್ತಿ ಮಾಡಿದರು. ರಾಜಕೀಯ ಇಲ್ಲಿ ಬೇಡ. ಹೆಸರು ಎಷ್ಟು ಊರು ಸುತ್ತುತ್ತದೋ ಆ ಹೆಸರಿನ ನಕಲಿಯೂ ಅಷ್ಟೇ ಊರು ಸುತ್ತುತ್ತದೆ ಅನ್ನುವುದಕ್ಕೆ ಈ ಮಾತು ಬಂತು.

ಈಗ ಗುರುತು ಹಿಡಿಯುವ ವಿಷಯ. ಮೊದಲು, ನಮ್ಮಲ್ಲಿ ಓಡಾಡುವ ಕೆಲವು ತಪ್ಪು ಪರೀಕ್ಷೆಗಳನ್ನು ಪಕ್ಕಕ್ಕಿಡೋಣ. ‘ತೂಕ ಇದ್ದರೆ ಅಸಲಿ’ ಅಂತಾರೆ. ಇಲ್ಲ. ನಕಲಿ ಮಾಡುವವರು ಒಳಗೆ ಕಬ್ಬಿಣದ ತುಂಡಿಟ್ಟೂ ತೂಕ ಬರಿಸಬಲ್ಲರು. ಟೈಟೇನಿಯಂ ಲೋಹದ ಅಸಲಿ ವಾಚು ಹತ್ತಿಯಂತೆ ಹಗುರ. ‘ಗಾಜಿನ ಮೇಲೆ ನೀರಿನ ಹನಿ ನಿಂತರೆ ಅಸಲಿ’ ಅಂತ ಇನ್ನೊಂದು ವಿಡಿಯೊ ಓಡಾಡುತ್ತಿದೆ. ಅದು ಸಫೈರ್ ಗಾಜಿನ ಮಾತು. ನಾವು ನೀವು ಕೊಳ್ಳುವ ಬೆಲೆಯ ಬಹಳಷ್ಟು ಅಸಲಿ ವಾಚುಗಳಲ್ಲಿ ಇರುವುದು ಸಾಧಾರಣ ಮಿನರಲ್ ಗಾಜು. ಇನ್ನು ಬಕೆಟ್ ನೀರಿಗೆ ಹಾಕಿ ನೋಡುವುದಂತೂ ಬೇಡವೇ ಬೇಡ. ಹಿಂಬದಿಯಲ್ಲಿ 30 ಮೀಟರ್ ಅಂತ ಬರೆದಿದ್ದರೆ ಕೈ ತೊಳೆಯುವಾಗ ನೀರು ಸಿಡಿದರೆ ತೊಂದರೆಯಿಲ್ಲ ಅಂತ ಅರ್ಥವೇ ಹೊರತು ಬಾವಿಗೆ ಧುಮುಕಬಹುದು ಅಂತಲ್ಲ. ಅಸಲಿ ವಾಚನ್ನೇ ನೀರಲ್ಲಿ ಮುಳುಗಿಸಿ ಕೆಡಿಸಿಕೊಂಡವರಿದ್ದಾರೆ.

ನಿಜಕ್ಕೂ ಕೆಲಸಕ್ಕೆ ಬರುವ ಪರೀಕ್ಷೆ ನಿಮ್ಮ ಜೇಬಿನಲ್ಲೇ ಇದೆ. ಫೋನಿನ ಕ್ಯಾಮೆರಾ ತೆಗೆದು ಡಯಲ್ ಹತ್ತಿರ ಹಿಡಿದು ಜೂಮ್ ಮಾಡಿ. ಅಸಲಿಯಲ್ಲಿ ಅಕ್ಷರದ ಅಂಚು ಚೂಪಾಗಿ, ಗೆರೆಗಳು ಸಮನಾಗಿ ಇರುತ್ತವೆ. ನಕಲಿಯಲ್ಲಿ ಶಾಯಿ ಹರಡಿದಂತೆ, ಅಕ್ಷರ ಒಂದಕ್ಕೊಂದು ಅಂಟಿದಂತೆ ಕಾಣುತ್ತದೆ. ಹನ್ನೆರಡು ಗಂಟೆಯ ಗುರುತು ಒಂದು ಕೂದಲೆಳೆ ವಾಲಿರುತ್ತದೆ. ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ. ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಮಾಡಿ, ದೂರದಿಂದ ನೋಡಿದರೆ ದೊಡ್ಡ ಕಂಪನಿಯೇ ಅನ್ನಿಸುವ ಹಾಗೆ ಬರೆಯುವುದು ಬಹಳ ಹಳೇ ಆಟ. ಸೋಪು, ಬ್ಯಾಟರಿ, ಟೀಪುಡಿಯಲ್ಲೆಲ್ಲ ನೀವು ಈ ಆಟ ನೋಡಿರುತ್ತೀರಿ.

ದೊಡ್ಡ ಡಯಲಿನ ಒಳಗೆ ಮೂರು ಪುಟ್ಟ ಡಯಲ್ ಇರುವ ವಾಚು ಮದುವೆಗೆ ಬಹಳ ಓಡುತ್ತದೆ. ಅಂಗಡಿಯಲ್ಲೇ ಅದರ ಪಕ್ಕದ ಗುಂಡಿ ಒತ್ತಿ. ಅಸಲಿಯಾದರೆ ಒಂದು ಮುಳ್ಳು ಓಡಲು ಶುರುವಾಗುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಇನ್ನೊಂದು ಗುಂಡಿ ಒತ್ತಿದರೆ ಸೊನ್ನೆಗೆ ಬರುತ್ತದೆ. ಎಷ್ಟೋ ನಕಲಿಗಳಲ್ಲಿ ಆ ಪುಟ್ಟ ಡಯಲುಗಳು ಬರೀ ಚಿತ್ರ. ಮುಳ್ಳು ಅಂಟಿಸಿರುತ್ತಾರೆ, ಗುಂಡಿ ಒತ್ತಿದರೆ ಒಳಗೇ ಹೋಗುವುದಿಲ್ಲ. ಹತ್ತು ಸೆಕೆಂಡಿನ ಕೆಲಸ ಇದು, ನಾಚಿಕೆ ಬೇಡ. ತೆಂಗಿನಕಾಯಿಯನ್ನೇ ಅಲ್ಲಾಡಿಸಿ, ತಟ್ಟಿ ತರುವವರು ನಾವು.

ರೋಲೆಕ್ಸ್ ಬಗ್ಗೆ ಒಂದೇ ಮಾತು ಸಾಕು. ಈಗ ಆ ಕಂಪನಿ ಮಾರುವ ಯಾವ ವಾಚೂ ಸೆಲ್ ಮೇಲೆ ಓಡುವುದಿಲ್ಲ, ಎಲ್ಲ ಆಟೋಮ್ಯಾಟಿಕ್ಕೋ ಕೀ ಕೊಡುವುದೋ. ಸೆಕೆಂಡ್ ಮುಳ್ಳು ನುಣ್ಣಗೆ ಜಾರಿಕೊಂಡು ಹೋಗಬೇಕು. ಟಿಕ್ ಟಿಕ್ ಅಂತ ಸೆಕೆಂಡಿಗೊಂದು ಹಾರು ಹಾರುತ್ತಿದ್ದರೆ ಒಳಗೆ ಸೆಲ್ ಇದೆ ಅಂತಲೇ ಲೆಕ್ಕ. ಆದರೆ ಜಾರಿಕೊಂಡು ಹೋದ ಮಾತ್ರಕ್ಕೆ ಅಸಲಿ ಅಂತ ಹೇಳಲಾಗದು, ಚೈನಾ ಆಟೋಮ್ಯಾಟಿಕ್ ಮಷಿನ್ ಹಾಕಿದ ನಕಲಿಗಳೂ ಇವೆ. ಅಸಲಿಯ ಬೆಲೆ ಲಕ್ಷಗಳಲ್ಲಿ ಇರುತ್ತದೆ. ಅದನ್ನು ಕೊಳ್ಳುವವರು ಈ ಬರಹ ಓದುತ್ತಾ ಕೂರುವವರಲ್ಲ ಬಿಡಿ.

ನಮ್ಮ ಹುಡುಗರು ಹೆಚ್ಚಾಗಿ ಕೇಳುವುದು ಕ್ಯಾಸಿಯೊ ಎಫ್-91ಡಬ್ಲ್ಯೂ, 1989ರಿಂದ ಬರುತ್ತಿರುವ ಪುಟ್ಟ ಕಪ್ಪು ಡಿಜಿಟಲ್ ವಾಚು. ಅದರ ಬಲಗಡೆ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಪರದೆಯ ಮೇಲೆ ಕಂಪನಿಯ ಹೆಸರು ಮೂಡುತ್ತದೆ. ಮೂಡದಿದ್ದರೆ ಖಂಡಿತ ನಕಲಿ. ಈ ಗುಟ್ಟು ಇಂಟರ್‌ನೆಟ್ಟಿನಲ್ಲಿ ಹರಡಿದ ಮೇಲೆ ನಕಲಿ ಮಾಡುವವರೂ ಅದನ್ನು ಕಲಿತಿದ್ದಾರೆ, ಹೆಸರು ಮೂಡಿಸುವ ನಕಲಿಗಳೂ ಈಗ ಇವೆ. ಎಲ್ಲ ಗುರುತುಗಳ ಕಥೆಯೂ ಇಷ್ಟೇ. ಗುರುತು ತಪ್ಪಿದರೆ ನಕಲಿ ಅನ್ನಬಹುದು, ಗುರುತು ಸರಿಯಿದ್ದ ಮಾತ್ರಕ್ಕೆ ಅಸಲಿ ಅನ್ನಲಾಗದು.

ಸ್ಮಾರ್ಟ್ ವಾಚಿನ ನಕಲಿ ಹಿಡಿಯುವುದು ಇನ್ನೂ ಸುಲಭ. ಆಪಲ್ ವಾಚು ಜೋಡಿಯಾಗುವುದು ಐಫೋನಿಗೆ ಮಾತ್ರ. ಸಾವಿರ ರೂಪಾಯಿಗೆ ‘ಆಪಲ್ ಅಲ್ಟ್ರಾ’ ಅಂತ ಕೊಟ್ಟು, ಅಂಗಡಿಯವನು ಅದನ್ನು ನಿಮ್ಮ ಆಂಡ್ರಾಯ್ಡ್ ಫೋನಿಗೆ ಜೋಡಿಸಿಯೂ ತೋರಿಸಿದ ಅಂದರೆ ಅದು ನಕಲಿ ಅನ್ನುವುದಕ್ಕೆ ಅವನೇ ಸಾಕ್ಷಿ ಕೊಟ್ಟ ಹಾಗೆ. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಈ ನಕಲಿಗಳು ಬಿಪಿ ಹೇಳುತ್ತೇವೆ, ಶುಗರ್ ಹೇಳುತ್ತೇವೆ ಅನ್ನುತ್ತವೆ. ಅಂಥ ಕೆಲವನ್ನು ಬಾಳೆಹಣ್ಣಿಗೆ ಕಟ್ಟಿದರೂ ಎದೆಬಡಿತ ತೋರಿಸುತ್ತವೆ, ಬೇಕಾದರೆ ಮನೆಯಲ್ಲಿ ಕಟ್ಟಿ ನೋಡಿ. ಚರ್ಮಕ್ಕೆ ಸೂಜಿ ತಾಗಿಸದೆ ಶುಗರ್ ಅಳೆಯುತ್ತೇವೆ ಅನ್ನುವ ವಾಚು, ಉಂಗುರಗಳನ್ನು ನಂಬಬೇಡಿ, ಅಂಥ ಯಾವುದಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ನಮ್ಮ ಊರುಗಳಲ್ಲಿ ಶುಗರ್ ಇಲ್ಲದ ಮನೆ ಯಾವುದಿದೆ? ಕೈಗಡಿಯಾರ ‘110’ ತೋರಿಸಿತು ಅಂತ ಅಪ್ಪ ಮಾತ್ರೆ ಬಿಟ್ಟರೆ, ಇಲ್ಲವೇ ಅದನ್ನು ನೋಡಿಯೇ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿಕೊಂಡರೆ, ಹೋಗುವುದು ಸಾವಿರ ರೂಪಾಯಿಯಲ್ಲ, ಜೀವ. ಮಗ ಬೆಂಗಳೂರಿನಿಂದ ಪ್ರೀತಿಯಿಂದ ತಂದ ವಾಚೇ ಆದರೂ ಶುಗರ್ ವಿಷಯದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ರಕ್ತ ಪರೀಕ್ಷೆಯನ್ನೇ ನಂಬಿ.

ಇನ್ನು ನಮ್ಮ ಜಿಲ್ಲೆಯ ಹೆಮ್ಮೆಯ ಮಾತು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ ಎಚ್‌ಎಂಟಿ, ಆಮೇಲೆ ತುಮಕೂರಿಗೂ ಕಾರ್ಖಾನೆ ತಂದಿತು. ನಮ್ಮ ಹಿರಿಯರಿಗೆ ಅದು ಬರೀ ‘ವಾಚ್ ಫ್ಯಾಕ್ಟರಿ’. ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಅಲ್ಲಿ ಕೆಲಸಕ್ಕಿದ್ದರು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ತುಮಕೂರಿನ ಆ ಜಾಗ ಈಗ ಇಸ್ರೋದ್ದು. ಕಾರ್ಖಾನೆ ಮುಚ್ಚಿದ ಮೇಲೆ ಹಳೇ ಎಚ್‌ಎಂಟಿಗೆ ಬೆಲೆ ಬಂತು, ಬೆಲೆ ಬಂದ ತಕ್ಷಣ ನಕಲಿಯೂ ಬಂತು.

ಇದು ಬೇರೆ ಥರದ ನಕಲಿ. ಒಳಗಿನ ಮಷಿನ್ ಹಳೇ ಎಚ್‌ಎಂಟಿಯದೇ ಇರಬಹುದು. ಗುಜರಿಯಿಂದ ಆಯ್ದು, ಡಯಲಿಗೆ ಹೊಸ ಬಣ್ಣ ಬಳಿದು, ಅಚ್ಚು ಹಾಕಿ, ಯಾವುದೋ ಮುಳ್ಳು, ಇನ್ಯಾವುದೋ ಕೀ ಸೇರಿಸಿ, ‘ಅಂಗಡಿಯಲ್ಲೇ ಉಳಿದಿದ್ದ ಹಳೇ ಹೊಸ ಮಾಲು’ ಅಂತ ಆನ್‌ಲೈನಿನಲ್ಲಿ ಮಾರುತ್ತಾರೆ. ಜನತಾ, ಪೈಲಟ್ ಹೆಸರಿನವೇ ಇದರಲ್ಲಿ ಹೆಚ್ಚು. ಕಿತ್ತಳೆ, ಗಿಳಿಹಸಿರು ಥರದ ಕಣ್ಣು ಕುಕ್ಕುವ ಬಣ್ಣ, ಡಯಲ್ ಮೇಲೆ ಸೈನ್ಯದ್ದೋ ರೈಲ್ವೆಯದೋ ಲಾಂಛನ, ದಪ್ಪಗೆ ವಕ್ರವಾಗಿ ಅಚ್ಚಾದ ಅಕ್ಷರ, ನಿಮಿಷದ ಗೆರೆ ಮುಟ್ಟದ ಗಿಡ್ಡ ಮುಳ್ಳು ಕಂಡರೆ ಕೈ ಹಿಂದೆಗೆಯಿರಿ. ಮೂವತ್ತು ನಲವತ್ತು ವರ್ಷ ಹಳೆಯದು ಅಂತ ಹೇಳುವ ವಾಚಿನ ಡಯಲ್ ಮಾತ್ರ ನಿನ್ನೆ ಮೊನ್ನೆ ಬಣ್ಣ ಬಳಿದ ಹಾಗೆ ಮಿಂಚುತ್ತಿದ್ದರೆ ಯೋಚಿಸಿ. ದೇವನಾಗರಿ ಅಕ್ಷರವಿದ್ದರೆ ನಕಲಿ ಅಂದುಕೊಳ್ಳಬೇಡಿ, ಅಂಥ ಜನತಾ ವಾಚನ್ನು ಕಂಪನಿಯೇ ಮಾಡುತ್ತಿತ್ತು.

ನಮ್ಮ ಅಭಿಪ್ರಾಯ ಕೇಳಿದರೆ, ಎಚ್‌ಎಂಟಿ ಬೇಕೆನ್ನುವವರು ಮೊದಲು ಮನೆಯ ಅಟ್ಟ, ಟ್ರಂಕು ಹುಡುಕಿ. ತಾತನ ವಾಚು ಅಲ್ಲೇ ನಿಂತು ಮಲಗಿರುತ್ತದೆ. ಅದನ್ನು ತೆಗೆದುಕೊಂಡು ಬಸ್‌ಸ್ಟ್ಯಾಂಡ್ ಪಕ್ಕದ ವಾಚ್ ರಿಪೇರಿಯವರ ಹತ್ತಿರ ಹೋಗಿ. ಆಯಿಲ್ ಹಾಕಿ ಸರ್ವಿಸ್ ಮಾಡಿದರೆ ಮತ್ತೆ ಓಡೀತು. ಸಾವಿರಾರು ರೂಪಾಯಿ ಕೊಟ್ಟು ಬಣ್ಣ ಬಳಿದದ್ದನ್ನು ತರಿಸುವುದಕ್ಕಿಂತ ಇದು ಮೇಲು.

ರಿಪೇರಿಯವರ ಮಾತು ಬಂತಲ್ಲ, ಕಣ್ಣಿಗೆ ಕರಿ ಭೂತಗನ್ನಡಿ ಸಿಕ್ಕಿಸಿಕೊಂಡು ಗೂಡಂಗಡಿಯಲ್ಲಿ ಕೂರುವ ಆ ಹಿರಿಯರಿಗಿಂತ ದೊಡ್ಡ ಪರೀಕ್ಷಕರು ನಮ್ಮ ಪೇಟೆಗಳಲ್ಲಿ ಇಲ್ಲ. ಹಿಂಬದಿ ಮುಚ್ಚಳ ತೆಗೆದು ಮಷಿನ್ ನೋಡಿದರೆ ಅವರಿಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ನಮಗೆ ಪರಿಚಯದ ಒಬ್ಬರು ಹೇಳುವ ಪ್ರಕಾರ ಮದುವೆ ಕಾಲ ಮುಗಿದು ನಾಲ್ಕೈದು ತಿಂಗಳಿಗೆ ಅವರ ಹತ್ತಿರ ನಕಲಿ ವಾಚುಗಳು ಸಾಲಾಗಿ ಬರುತ್ತವೆ. ‘ನಿಜ ಹೇಳಿದ್ರೆ ಕೊಟ್ಟೋರ ಮನೆಗೂ ಇಸ್ಕೊಂಡೋರ ಮನೆಗೂ ಜಗಳ ಹಚ್ಚಿದಂಗಾಗ್ತದೆ ಸಾ, ಸೆಲ್ ಹಾಕಿ ಸುಮ್ನೆ ಕಳಿಸ್ತೀನಿ’ ಅಂದರು. ಒಂದು ಎಚ್ಚರ: ವಾರಂಟಿ ಇರುವ ಹೊಸ ವಾಚಿನ ಮುಚ್ಚಳವನ್ನು ಹೊರಗೆ ತೆಗೆಸಿದರೆ ವಾರಂಟಿ ಹೋಗಬಹುದು. ಹೊಸದಕ್ಕೆ ಕಾಗದಪತ್ರವೇ ಪರೀಕ್ಷೆ.

ಕಾಗದ ಅಂದರೆ ಏನು? ಮೊದಲನೆಯದು ಡಬ್ಬಿಯ ಮೇಲಿನ ಚೀಟಿ. ಪೊಟ್ಟಣದಲ್ಲಿ ಮಾರುವ ವಸ್ತುವಿನ ಮೇಲೆ ತಯಾರಕರು ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ದೂರು ಹೇಳಲು ಸಂಪರ್ಕ, ಹೊರದೇಶದ್ದಾದರೆ ದೇಶದ ಹೆಸರು ಇರಬೇಕು ಅಂತ 2011ರ ಕಾನೂನು ಮಾಪನ ನಿಯಮ ಹೇಳುತ್ತದೆ. ಬರೀ ದೊಡ್ಡ ಬೆಲೆ ಮಾತ್ರ ಬರೆದ ಚೀಟಿ, ಆ ಬೆಲೆಗೆ ಪೆನ್ನಿನಲ್ಲಿ ಗೀಟು, ಪಕ್ಕದಲ್ಲಿ ಅರ್ಧ ಬೆಲೆ ಇದ್ದರೆ ಅದು ಚೀಟಿಯಲ್ಲ, ಗಾಳ. ಎರಡನೆಯದು ಮಾಡೆಲ್ ನಂಬರು. ವಾಚಿನ ಹಿಂಬದಿ, ಟ್ಯಾಗು, ವಾರಂಟಿ ಕಾರ್ಡು ಇವುಗಳಲ್ಲಿ ಇರುವ ನಂಬರು ಒಂದಕ್ಕೊಂದು ತಾಳೆಯಾಗಬೇಕು. ಆ ನಂಬರನ್ನು ಅಲ್ಲೇ ನಿಂತು ಫೋನಿನಲ್ಲಿ ಹುಡುಕಿ, ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಬರುವ ಚಿತ್ರ ನಿಮ್ಮ ಕೈಯಲ್ಲಿರುವುದರ ಥರವೇ ಇದೆಯಾ ನೋಡಿ. ಈ ಒಂದು ಕೆಲಸದಲ್ಲೇ ಬಹಳ ನಕಲಿಗಳು ಸಿಕ್ಕಿಬೀಳುತ್ತವೆ. ಮೂರನೆಯದು, ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು, ತಾರೀಕು. ‘ಮೊಹರು ಆಮೇಲೆ ಹಾಕ್ಕೊಡ್ತೀನಿ’ ಅಂದರೆ ದುಡ್ಡೂ ಆಮೇಲೆ ಕೊಡ್ತೀವಿ ಅನ್ನಿ.

ಎಲ್ಲಕ್ಕಿಂತ ಮುಖ್ಯ ಬಿಲ್ಲು. ವಾಚಿಗೆ ಶೇ 18 ಜಿಎಸ್‌ಟಿ ಇದೆ. ಬಿಲ್ಲಿನ ಮೇಲೆ ಅಂಗಡಿಯ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರು ಇರುತ್ತದೆ, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ವೆಬ್‌ಸೈಟಿನಲ್ಲಿ ‘ಸರ್ಚ್ ಟ್ಯಾಕ್ಸ್‌ಪೇಯರ್’ ಅನ್ನುವ ಕಡೆ ಆ ನಂಬರು ಹಾಕಿದರೆ ಅಂಗಡಿಯ ಹೆಸರು ಬರಬೇಕು. ವರ್ಷಕ್ಕೆ 40 ಲಕ್ಷದೊಳಗೆ ವ್ಯಾಪಾರ ಮಾಡುವ ಸಣ್ಣ ಅಂಗಡಿಗೆ ಈ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ನಂಬರಿಲ್ಲದವರೆಲ್ಲ ಕಳ್ಳರು ಅನ್ನಲಾಗದು. ಆದರೆ ಹೆಸರಾಂತ ಕಂಪನಿಯ ಅಧಿಕೃತ ಡೀಲರ್ ಅಂತ ಹೇಳಿಕೊಂಡು, ಬಿಲ್ಲು ಕೇಳಿದರೆ ಬಿಳಿ ಚೀಟಿಯಲ್ಲಿ ‘ವಾಚು-1’ ಅಂತ ಬರೆದುಕೊಡುವವನನ್ನು ನಂಬಬೇಡಿ. ಬಿಲ್ಲಿನಲ್ಲಿ ಕಂಪನಿಯ ಹೆಸರು, ಮಾಡೆಲ್ ನಂಬರು ಬರೆಸಿ. ‘ಬಿಲ್ಲಾದ್ರೆ ಟ್ಯಾಕ್ಸ್ ಜಾಸ್ತಿ ಬೀಳ್ತದೆ’ ಅನ್ನುವ ಮಾತಿಗೆ ನಮ್ಮವರು ಮರುಳಾಗುವುದು ನಿಲ್ಲಬೇಕು. ಎಂಆರ್‌ಪಿಯಲ್ಲಿ ಟ್ಯಾಕ್ಸ್ ಸೇರಿಯೇ ಇರುತ್ತದೆ.

ಆನ್‌ಲೈನಿನಲ್ಲಿ ತರಿಸುವವರು ಆ್ಯಪ್ ಹೆಸರು ನೋಡಿ ನೆಮ್ಮದಿಯಾಗಬೇಡಿ, ಅದರೊಳಗೆ ಮಾರುವವನು ಯಾರು ಅಂತ ನೋಡಿ. ಪಾರ್ಸೆಲ್ ಒಡೆಯುವಾಗ ಮೊದಲಿಂದ ಕೊನೆವರೆಗೂ ವಿಡಿಯೊ ಮಾಡಿ, ಅನುಮಾನ ತೀರುವವರೆಗೆ ಟ್ಯಾಗು ಕೀಳಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಮುಟ್ಟಿದ್ದನ್ನು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ವಿಳಾಸವೇ ಇಲ್ಲದ ಇನ್‌ಸ್ಟಾಗ್ರಾಂ ಪೇಜಿಗೆ ಮುಂಚೆ ದುಡ್ಡು ಹಾಕಿ ಏನೂ ಬರದಿದ್ದರೆ ಅದು ಸೈಬರ್ ವಂಚನೆ, ಕೂಡಲೇ 1930ಕ್ಕೆ ಫೋನ್ ಮಾಡಬೇಕು.

ಮೋಸ ಹೋದ ಮೇಲೆ ನಮ್ಮವರು ಮೊದಲು ಹೋಗುವುದು ಪೊಲೀಸ್ ಠಾಣೆಗೆ. ಅಲ್ಲಿಂದ ಬರಿಗೈಲಿ ಬರುತ್ತಾರೆ. ಕಾರಣ ಇದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ನಕಲಿ ಮಾರಿದವರಿಗೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ ನಿಜ. ಆದರೆ ಆ ಕಾಯ್ದೆಯಡಿ ಅಂಗಡಿಗೆ ನುಗ್ಗಿ ಮಾಲು ಹಿಡಿಯಲು ಡಿವೈಎಸ್ಪಿಗಿಂತ ಕೆಳಗಿನವರಿಗೆ ಅಧಿಕಾರವಿಲ್ಲ, ಅವರೂ ಮೊದಲು ಟ್ರೇಡ್ ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು. ಪೇಪರಿನಲ್ಲಿ ನಾವು ಬರೆಯುವ ‘ನಕಲಿ ಮಾಲು ವಶ’ ಸುದ್ದಿಗಳ ಹಿಂದೆ ಸಾಮಾನ್ಯವಾಗಿ ಕಂಪನಿಯವರ ದೂರು ಇರುತ್ತದೆ. ಕಂಪನಿಯ ಹೆಸರು ಉಳಿಸಲು ಕಂಪನಿ ಇದೆ. ಆ ರೈತನ ಐದೂವರೆ ಸಾವಿರಕ್ಕೆ ಯಾರಿದ್ದಾರೆ ಅನ್ನುವುದು ನಮ್ಮ ಪ್ರಶ್ನೆ. ಕಾನೂನು ಮಾಪನ ಇಲಾಖೆಯವರು ತಕ್ಕಡಿ, ಪೆಟ್ರೋಲ್ ಬಂಕು ತಪಾಸಣೆ ಮಾಡುವ ಹಾಗೆ ಮದುವೆ ಕಾಲದಲ್ಲಿ ಗಿಫ್ಟ್ ಅಂಗಡಿಗಳ ಡಬ್ಬಿ ಚೀಟಿಗಳನ್ನೂ ಒಂದು ಸುತ್ತು ನೋಡಿದರೆ ಎಷ್ಟೋ ಮನೆ ಉಳಿಯುತ್ತವೆ. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಇರುವ ಅಧಿಕಾರವೇ ಸಾಕು.

ಬೀಗರ ಕಡೆಗೂ ಒಂದು ಮಾತು. ಇಂಥದ್ದೇ ಕಂಪನಿಯ ವಾಚು ಬೇಕು ಅಂತ ಕೇಳಿ ಪಡೆದರೆ ಅದು ವರದಕ್ಷಿಣೆ, ಉಡುಗೊರೆ ಅಲ್ಲ. ಎರಡು ಸಾವಿರ ಕೊಡಬಲ್ಲವನಿಂದ ಹತ್ತು ಸಾವಿರದ ಹೆಸರು ಕೇಳಿದ್ದಕ್ಕೇ ಅವನು ಅರ್ಧ ಬೆಲೆಯ ಅಂಗಡಿ ಹುಡುಕಿಕೊಂಡು ಹೋಗಿದ್ದು. ಅದೇ ಎರಡು ಸಾವಿರಕ್ಕೆ ಬಿಲ್ಲು, ವಾರಂಟಿ ಸಮೇತ ಅಸಲಿ ವಾಚು ಬೇಕಾದಷ್ಟು ಸಿಗುತ್ತವೆ.

ದುಡ್ಡು ವಾಪಸ್ ಪಡೆಯುವ ದಾರಿ ಗ್ರಾಹಕ ಕಾನೂನಿನದು. ಅಸಲಿ ಅಂತ ಸುಳ್ಳು ಹೇಳಿ ಮಾರಿದ ವಸ್ತುವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಕಲಿ ಸರಕು ಅಂತಲೇ ಹೆಸರಿಸಿದೆ. ಮೊದಲು 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಹಾಕಿ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೇಬೇಕು ಅಂತಿಲ್ಲ. ಎಲ್ಲಿಂದ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಬಿಲ್ಲು ಇಲ್ಲದವರು ಫೋನ್‌ಪೇ, ಗೂಗಲ್‌ಪೇ ಮಾಡಿದ ದಾಖಲೆ, ಡಬ್ಬಿ, ಕಾರ್ಡು, ಅಂಗಡಿಯವನ ವಾಟ್ಸ್‌ಆ್ಯಪ್ ಸಂದೇಶ ಏನಿದ್ದರೂ ಜೋಪಾನ ಮಾಡಿ. ವಾಚು ನಕಲಿ ಅಂತ ಕಂಪನಿಯ ಸರ್ವಿಸ್ ಸೆಂಟರಿನವರು ಹೇಳಿದರೆ ಅದನ್ನು ಬರೆದುಕೊಡಲು ಕೇಳಿ. ಬಾಯಲ್ಲಿ ಹೇಳಿದ್ದು ಆಯೋಗದಲ್ಲಿ ನಿಲ್ಲುವುದು ಕಷ್ಟ.